‘ನೀವು ಹೋದಿರಿ’ ಎಂದ ಕಂಪ್ಯೂಟರು

ಜಾವಗಲ್ ಕಡೆಯ ಗಾಳಿಗುಡ್ಡದ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಯಾರೋ ಹೇಳಿದ್ದು ಕಿವಿಗೆ ಬಿತ್ತು: “ಬೀಗಿತ್ತಿ ಬಂದ್ರು ಕಣ್ರೋ, ಎಲೆ ಹಾಕ್ರಿ.” ಹಿಂದೆಯೇ ಒಂದಿಷ್ಟು ನಗು. ಕಂಪ್ಯೂಟರುಗಳಿಗೆ ಬೀಗ ಹಾಕುವವಳು ನಾನು, ಅದಕ್ಕೇ ಬೀಗಿತ್ತಿ. ಒಳಗೆ ಹೋಗಿ ನೋಡಿದರೆ ಎಲ್ಲರೂ ನಿಜವಾಗಿಯೂ ಗಂಡಿನ ಕಡೆಯ ಬೀಗರು ಬಂದಾಗ ಕೂರುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಹೆಸರಿಟ್ಟವರು ಯಾರೆಂದು ಗೊತ್ತಾಗಲಿಲ್ಲ. ಚೆನ್ನಾಗಿಯೇ ಇಟ್ಟಿದ್ದರು.

ಗಾಳಿಯಿಂದ ಕರೆಂಟು ತೆಗೆಯುವ ಈ ಯಂತ್ರಗಳನ್ನು ಗುಡ್ಡದ ಮೇಲೆ ಒಂದೇ ಕೋಣೆಯಲ್ಲಿ ಕೂತು ನಡೆಸುತ್ತಾರೆ. ಸುತ್ತಲಿನ ಊರಿನವರು ಅವನ್ನು ಫ್ಯಾನು ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತೇವೆ. ಆ ಕೋಣೆಯ ಕಂಪ್ಯೂಟರನ್ನು ಯಾರು ತೆರೆಯಬಹುದು, ತೆರೆದವರು ಅದರಲ್ಲಿ ಏನೇನು ಮಾಡಬಹುದು ಎಂದು ಗೊತ್ತು ಮಾಡುವುದು ನನ್ನ ಕೆಲಸ. ಕೆಲವರಿಗೆ ನೋಡುವ ಹಕ್ಕು ಮಾತ್ರ. ಕೆಲವರಿಗೆ ಫ್ಯಾನು ಶುರು ಮಾಡುವ, ನಿಲ್ಲಿಸುವ ಹಕ್ಕು. ಅದರ ಒಳಗಿನ ಅಳತೆಗಳನ್ನು ತಿದ್ದುವ ಹಕ್ಕು ಒಬ್ಬಿಬ್ಬರಿಗೆ. ಕೇಳಿದವರಿಗೆಲ್ಲ ಕೊಟ್ಟರೆ ಅಪಾಯ, ಕೊಡದಿದ್ದರೆ ಬೈಗುಳ. ನಾನು ಬೇಲೂರಿನವಳು. ಬೇಲೂರಿನವರಿಗೆಲ್ಲ ಕಲ್ಲು ಕೆತ್ತುವ ತಾಳ್ಮೆ ಇರುತ್ತದೆ ಎಂದು ಹೊರಗಿನವರು ನಂಬಿದ್ದಾರೆ, ನನಗಂತೂ ಅದು ಬಂದಿಲ್ಲ.

ಆ ಸಲ ಹೆಡ್ಡಾಫೀಸು ನನಗೆ ಒಪ್ಪಿಸಿದ್ದು ಸುಲಭದ ಕೆಲಸ. ಒಂದು ಫ್ಯಾನಿನ ಗೋಪುರದೊಳಗೆ ಟೆಕ್ನೀಶಿಯನ್ ರಿಪೇರಿ ಮಾಡುತ್ತಿದ್ದಾಗಲೇ ಅದಕ್ಕೆ ಕಂಟ್ರೋಲ್ ರೂಮಿನಿಂದ ‘ಶುರುವಾಗು’ ಎಂಬ ಆಜ್ಞೆ ಹೋಗಿತ್ತು. ಪುಣ್ಯಕ್ಕೆ ಯಂತ್ರ ಮಾತು ಕೇಳಲಿಲ್ಲ. ಗೋಪುರ ಹತ್ತುವವರು ಬುಡದ ಪೆಟ್ಟಿಗೆಯಿಂದ ಒಂದು ಕೀಲಿ ಕಿತ್ತುಕೊಂಡು ಹೋಗುತ್ತಾರೆ, ಅದು ವಾಪಸ್ ಬಂದು ಕೂರುವ ತನಕ ಫ್ಯಾನು ಅಲುಗುವುದಿಲ್ಲ. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಆಜ್ಞೆ ಕೊಟ್ಟವರ ಹೆಸರನ್ನು ಕಂಪ್ಯೂಟರು ಬರೆದುಕೊಂಡಿತ್ತು. ಅದು ಅಲ್ಲಿನ ಹಿರಿಯ ಆಪರೇಟರ್ ಹೆಸರು. “ಆ ಹೆಸರು ತೆಗೆದುಹಾಕಿ ಬನ್ನಿ” ಅಂದರು ಹೆಡ್ಡಾಫೀಸಿನವರು. ಹೆಸರು ತೆಗೆದರೆ ಕೆಲಸವೂ ಹೋದಂತೆ, ಯಾಕೆಂದರೆ ಲಾಗಿನ್ ಇಲ್ಲದ ಆಪರೇಟರನ್ನು ಲೈಸೆನ್ಸ್ ಇಲ್ಲದ ಡ್ರೈವರ್ ಥರ, ಆಳು ಒದಗಿಸುವ ಯಾವ ಏಜೆನ್ಸಿಯೂ ಇಟ್ಟುಕೊಳ್ಳುವುದಿಲ್ಲ.

ಹಿರಿಯ ಆಪರೇಟರ್ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವರು. ಕನ್ನಡಕವನ್ನು ದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟುಕೊಂಡಿರುತ್ತಾರೆ. ಈ ಗುಡ್ಡದ ಮೇಲೆ ಮೊದಲ ಫ್ಯಾನು ನಿಂತಾಗಿನಿಂದ ಇಲ್ಲೇ ಇದ್ದವರು. ನಾನು ವಿಷಯ ತೆಗೆಯುವ ಮೊದಲೇ ಅವರೇ ತೆಗೆದರು.

“ನನ್ನ ಹೆಸರಲ್ಲಿ ಆಗೈತೆ ಅಂದ್ಮೇಲೆ ನಂದೇ ಮೇಡಂ. ತೆಗೀರಿ.”

“ಆಜ್ಞೆ ಹೋಗಿರೋದು ಮಧ್ಯಾಹ್ನದ ಮೇಲೆ. ನಿಮ್ಮ ಪಾಳಿ ಊಟದ ಹೊತ್ತಿಗೇ ಮುಗಿದಿತ್ತಲ್ಲ?”

“ಇಲ್ಲೇ ಎಲ್ಲೋ ಇದ್ದೆ.”

ಸೈಟ್ ಮ್ಯಾನೇಜರ್ ಅರೇಹಳ್ಳಿ ಕಡೆಯವರು, ಮಾತು ಕಡಿಮೆ. ಅಲ್ಲಿಯವರೆಗೆ ಮೇಲೆ ತಿರುಗುವ ಸೀಲಿಂಗ್ ಫ್ಯಾನನ್ನೇ ನೋಡುತ್ತಿದ್ದವರು ಈಗ ಬಾಯಿ ಬಿಟ್ಟರು: “ಮೇಡಂ, ಆ ಹೊತ್ತಿಗೆ ಇವರು ಹಳೇಬೀಡಿನ ಸ್ಕೂಲ್ ಗೇಟಿನ ಮುಂದೆ ಮೊಮ್ಮಗಳಿಗೆ ಕಡ್ಲೇಮಿಠಾಯಿ ಕೊಡಿಸ್ತಾ ಇದ್ರು. ಊರಿಗೆಲ್ಲ ಗೊತ್ತು.”

ಹಿರಿಯರು ಕನ್ನಡಕ ಒರೆಸತೊಡಗಿದರು. ನನ್ನ ಕಣ್ಣು ಆಗ ದೊಡ್ಡ ಪರದೆಯ ಮೇಲೆ ಬಿತ್ತು. ಅದರ ಮೂಲೆಯಲ್ಲಿ, ಈಗ ಕೆಲಸ ಮಾಡುತ್ತಿರುವವರು ಯಾರು ಎಂದು ತೋರಿಸುವ ಜಾಗದಲ್ಲಿ, ಇವರದೇ ಹೆಸರು ಇತ್ತು. ಇವರೋ ನನ್ನ ಎದುರು ಬೆಂಚಿನ ಮೇಲೆ ಕೂತಿದ್ದಾರೆ. ಪರದೆಯ ಮುಂದಿನ ಕುರ್ಚಿಯಲ್ಲಿ ಬೇರೊಬ್ಬ ಆಪರೇಟರ್ ಕೂತು ಆರಾಮಾಗಿ ಫ್ಯಾನು ನಡೆಸುತ್ತಿದ್ದಾನೆ.

ಅಂದರೆ ಒಬ್ಬರು ಒಮ್ಮೆ ತಮ್ಮ ಹೆಸರಿನಲ್ಲಿ ತೆರೆದರೆ, ಆಮೇಲೆ ಪಾಳಿಗೆ ಬಂದವರೆಲ್ಲ ಅದೇ ಹೆಸರಿನಲ್ಲಿ ಮುಂದುವರಿಯುತ್ತಿದ್ದರು. ಮುಚ್ಚಿ ತೆರೆಯುವ ಗೋಜೇ ಇಲ್ಲ. ಎದ್ದವರು “ಬತ್ತೀನಿ” ಅನ್ನುತ್ತಾರೆ, ಬಂದವರು ಬೆಚ್ಚಗಿನ ಕುರ್ಚಿಯಲ್ಲಿ ಕೂರುತ್ತಾರೆ. ಇಷ್ಟೇ ಅವರ ಪಾಳಿ ಬದಲಾವಣೆ.

ಹೆಸರು ತೆಗೆಯಲು ನನ್ನ ಕೈ ಬರಲಿಲ್ಲ. ವಾರದ ಕೊನೆಗೆ ಹೆಡ್ಡಾಫೀಸಿನವರು ವಿಡಿಯೋದಲ್ಲಿ ವಿಚಾರಣೆ ಇಟ್ಟಿದ್ದರು, ಅಲ್ಲಿಯವರೆಗೆ ಸಮಯ ಕೊಡಿ ಎಂದು ಕೇಳಿಕೊಂಡೆ. ಕೊಟ್ಟರು. ಆ ಮಧ್ಯಾಹ್ನ ಕುರ್ಚಿಯಲ್ಲಿ ನಿಜವಾಗಿ ಯಾರಿದ್ದರು ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಬರುತ್ತಾರೆ ಬಿಡು, ಅಂದುಕೊಂಡು ಬೇಲೂರಿಗೆ ಬಸ್ಸು ಹತ್ತಿದೆ.

ಮಾರನೆಯ ದಿನ ಬಂದೇಬಿಟ್ಟಳು. ಅರಸೀಕೆರೆಯಿಂದ ಸ್ಕೂಟರಿನಲ್ಲಿ ಬಂದವಳು ಹೆಲ್ಮೆಟ್ ಕೂಡ ತೆಗೆಯದೆ ನನ್ನ ಮುಂದೆ ನಿಂತಳು. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ ಬೇರೆ ಕಡೆ ಕೆಲಸ ಮಾಡಿ ಇಲ್ಲಿಗೆ ಬಂದಿದ್ದ ಆಪರೇಟರ್. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಮೇಡಂ, ಒತ್ತಿದ್ದು ನಾನು. ನಿನ್ನೆ ವಾರದ ರಜ ಇತ್ತು, ಇಲ್ದಿದ್ರೆ ನಿನ್ನೆನೇ ಹೇಳ್ತಿದ್ದೆ.”

ಹಿರಿಯರು ಬೆಂಚಿನಿಂದ ಎದ್ದೇಬಿಟ್ಟರು. “ಏನವ್ವ ನೀನು? ನಾನು ಹೇಳಾಯ್ತಲ್ಲ! ನಂದೇನು, ಇನ್ನು ನಾಕು ದಿನ. ನೀನು ಈಗ ಬಂದೋಳು.”

“ನಿಮ್ಮ ಹೆಸರು ನಿಮ್ದು ಸಾರ್, ನನ್ನ ತಪ್ಪು ನಂದು. ಭಾನುವಾರ ಮನೇಲಿ ಬುದ್ಧವಂದನೆ ಮಾಡ್ತೀವಿ. ಸುಳ್ಳು ಹೇಳಲ್ಲ ಅಂತ ಅಮ್ಮನ ಜೊತೆ ಬಾಯಿಬಿಟ್ಟು ಪಂಚಶೀಲ ಹೇಳಿ, ಇಲ್ಲಿ ಬಂದು ಸುಮ್ನೆ ಕೂತ್ಕೊಳ್ಳೋಕೆ ನನಗಾಗಲ್ಲ.”

ಒಬ್ಬರು ಮಾಡದ್ದನ್ನು ತಲೆಯ ಮೇಲೆ ಹಾಕಿಕೊಳ್ಳುತ್ತಾರೆ, ಇನ್ನೊಬ್ಬಳು ಅದನ್ನು ಅವರ ತಲೆಯಿಂದ ಕಿತ್ತುಕೊಳ್ಳುತ್ತಾಳೆ. ಕೆಲಸದ ಮೇಲೆ ಹೋದ ಕಡೆಯೆಲ್ಲ ನಾನು ನೋಡಿದ್ದು “ನಾನಲ್ಲ, ಅವರು” ಎಂದು ಬೆರಳು ತೋರಿಸುವವರನ್ನೇ. “ಮೊದಲು ಹೆಲ್ಮೆಟ್ ತೆಗೆಯಮ್ಮ” ಎಂದು ಗದರಿದೆ.

ಆಮೇಲೆ ಅವಳು ನಡೆದದ್ದನ್ನು ಹೇಳಿದಳು. ಒಬ್ಬರು ಗೋಪುರ ಹತ್ತಿದರೆ ಕಂಟ್ರೋಲ್ ರೂಮಿನವರು ಪರದೆಯಲ್ಲಿ ಆ ಫ್ಯಾನಿನ ಚಿತ್ರದ ಮೇಲೆ ‘ಒಳಗೆ ಜನ ಇದ್ದಾರೆ’ ಎಂಬ ಕೆಂಪು ಗುರುತು ಇಡಬೇಕು. ಹಿರಿಯರು ಅದನ್ನು ಇಟ್ಟೇ ಎದ್ದು ಹೋಗಿದ್ದರು. ಅವರು ಹೋದ ಮೇಲೆ ಕರೆಂಟು ಒಯ್ಯುವ ಹೊರಗಿನ ಲೈನು ಕೈಕೊಟ್ಟು ಇಡೀ ಸಾಲಿನ ಫ್ಯಾನುಗಳು ನಿಂತವು, ಎಲ್ಲದರ ಮೇಲೂ ‘ಲೈನ್ ಇಲ್ಲ’ ಎಂಬ ಗುರುತು ತಾನಾಗಿ ಬಂತು. ಲೈನು ಬಂದಾಗ ಇವಳು ಸಾಲು ಪೂರ್ತಿ ಆರಿಸಿ ಎಲ್ಲ ಗುರುತುಗಳನ್ನೂ ಒಟ್ಟಿಗೆ ತೆಗೆದು ‘ಶುರು’ ಒತ್ತಿದಳು. ಆ ರಾಶಿಯೊಳಗೆ ಕೆಂಪು ಗುರುತೂ ಹೋಯಿತು.

ಹಾಗೆ ಹೋಗಬಾರದಿತ್ತು. ಕೆಂಪು ಗುರುತನ್ನು ಇಟ್ಟವರು ಬಿಟ್ಟು ಬೇರೆ ಯಾರೇ ತೆಗೆಯಲು ಬಂದರೂ ಕಂಪ್ಯೂಟರು ಬಿಡುವುದಿಲ್ಲ, ಇಟ್ಟವರನ್ನು ಕೇಳಿ ಬಾ ಅನ್ನುತ್ತದೆ. ಒಳಗಿರುವ ಜೀವಕ್ಕೆ ಇಟ್ಟ ಕಾವಲು ಅದು. ಆದರೆ ಅವತ್ತು ಪರದೆಯ ಮೂಲೆಯಲ್ಲಿದ್ದದ್ದು ಹಿರಿಯರ ಹೆಸರು. ಇಟ್ಟವರೇ ತೆಗೆಯುತ್ತಿದ್ದಾರೆ ಅಂದುಕೊಂಡು ಅದು ಸುಮ್ಮನೆ ದಾರಿ ಬಿಟ್ಟಿತು. ಅವಳು ಕಣ್ಣಾಡಿಸಿ ನೋಡಬೇಕಿತ್ತು, ಹೌದು. ಆದರೆ ಕಣ್ಣು ತಪ್ಪಿದಾಗ ಹಿಡಿಯಲೆಂದೇ ಇದ್ದ ಕೈಯನ್ನು ಒಂದೇ ಹೆಸರಿನ ಬಳಕೆ ಕಟ್ಟಿಹಾಕಿತ್ತು.

ಇಬ್ಬರಲ್ಲಿ ಯಾರ ಹೆಸರು ತೆಗೆದರೂ ಆ ಕಾವಲು ಎಚ್ಚರಾಗುವುದಿಲ್ಲ. ನಾನು ಮ್ಯಾನೇಜರನ್ನು ಕರೆದು ಹೇಳಿದೆ: “ಇವತ್ತಿನಿಂದ ಇಲ್ಲಿ ಕೂತು ಫ್ಯಾನು ಶುರು ಮಾಡೋ ಹಕ್ಕು ಯಾರಿಗೂ ಇರಲ್ಲ. ನಿಮಗೂ ಇಲ್ಲ. ನಿಲ್ಲಿಸೋ ಹಕ್ಕು ಎಲ್ಲರಿಗೂ ಇರುತ್ತೆ. ಪ್ರತಿಯೊಬ್ಬರೂ ಅವರವರ ಹೆಸರಲ್ಲಿ ಕೂತು ಏಳೋದು ಕಲಿತ ಮೇಲೆ ವಾಪಸ್ ಕೊಡ್ತೀನಿ.”

“ಆಷಾಢ ಮೇಡಂ!” ಅವರ ದನಿ ಮೊದಲ ಸಲ ಏರಿತು. “ವರ್ಷದ ಗಾಳಿಯೆಲ್ಲ ಈಗಲೇ ಬೀಸೋದು. ನಿಂತಿದ್ದನ್ನ ಶುರು ಮಾಡೋದು ಹೆಂಗೆ?”

“ಬುಡಕ್ಕೇ ಹೋಗಿ.”

ಹೋದರು. ಅದನ್ನು ನಾನು ಮರೆಯುವುದಿಲ್ಲ. ಗಾಳಿ ಎಷ್ಟು ಜೋರಾಗಿತ್ತೆಂದರೆ ಜೀಪಿನ ಬಾಗಿಲು ತೆಗೆಯಲು ಇಬ್ಬರು ಬೇಕಿತ್ತು. ಒಂದು ಫ್ಯಾನು ನಿಂತರೆ ಟೆಕ್ನೀಶಿಯನ್‌ಗಳು ಮಣ್ಣಿನ ದಾರಿಯಲ್ಲಿ ಅದರ ಬುಡಕ್ಕೆ ಹೋಗಿ, ಸುತ್ತ ನೋಡಿ, ಒಳಗೆ ಕೂಗಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಲ್ಲಿನ ಪೆಟ್ಟಿಗೆಯಿಂದ ಶುರು ಮಾಡುತ್ತಿದ್ದರು. ಅಷ್ಟರಲ್ಲಿ ಇನ್ನೊಂದು ನಿಂತಿರುತ್ತಿತ್ತು. ನನಗೆ ಶಾಪ ಹಾಕಿರಬೇಕು, ಆದರೆ ಒಬ್ಬರೂ ನನ್ನ ಮುಂದೆ ಮುಖ ಗಂಟು ಹಾಕಲಿಲ್ಲ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ತಂದು ನನಗೂ ಒಂದು ತಟ್ಟೆ ಇಡುತ್ತಿದ್ದರು. ಮ್ಯಾನೇಜರೂ ಜೀಪು ಓಡಿಸಿದರು.

ಇತ್ತ ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೊಸ ಲಾಗಿನ್ ಕೊಡುತ್ತಾ ಹೋದೆ. ಗುರುತಿನ ಚೀಟಿ ನೋಡುವುದು, ಅವರದೇ ಫೋನಿಗೆ ಸಂಖ್ಯೆ ಕಳಿಸುವುದು, ಅವರ ಕೈಯಿಂದಲೇ ಪಾಸ್‌ವರ್ಡ್ ಹಾಕಿಸುವುದು. ಅದನ್ನು ಹಾಕುವಾಗ ನಾನು ಮುಖ ತಿರುಗಿಸಿ ಗೋಡೆ ನೋಡಬೇಕು. “ಯಾಕೆ ಮೇಡಂ, ನಿಮಗೆ ಗೊತ್ತಾದ್ರೆ ಏನು?” ಎಂದು ಕೇಳಿದವರೇ ಎಲ್ಲರೂ. ಒಬ್ಬ ತನ್ನ ಎಮ್ಮೆಯ ಹೆಸರು ಇಡುತ್ತೇನೆಂದು ಜೋರಾಗಿ ಸಾರಿದ. ಪಕ್ಕದವನು “ಅದು ಇಡೀ ಜಾವಗಲ್ಲಿಗೇ ಗೊತ್ತಲ್ಲೋ” ಅಂದ. ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂದರೆ ಅವರಿಗೆ ಅದು ಒಂದೇ ಮನೆಯಲ್ಲಿ ಉಪ್ಪಿನ ಡಬ್ಬಿಗೆ ಬೀಗ ಹಾಕಿದಷ್ಟು ಅಸಹ್ಯವಾಗಿ ಕೇಳುತ್ತಿತ್ತು. ಪಾಠ ಮಾಡಿ ಮಾಡಿ ನನ್ನ ದನಿ ಬಿತ್ತು.

ಆಗ ಸಹಾಯಕ್ಕೆ ಬಂದದ್ದು ಅವತ್ತು ಗೋಪುರದೊಳಗೆ ಇದ್ದ ಟೆಕ್ನೀಶಿಯನ್. ಜಾವಗಲ್ ಹತ್ತಿರದ ರೈತರ ಮನೆಯವನು, ನಡುವಯಸ್ಸು, ಸದಾ ಏನಾದರೊಂದು ಕೀಟಲೆ. ಮೊದಲ ದಿನ ಬೀಗಿತ್ತಿ ಎಂದು ಕೂಗಿದ್ದು ಅವನೇ ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಬುಡದಲ್ಲಿ ಕಿತ್ತುಕೊಂಡ ಕೀಲಿಯನ್ನು ಮೇಲೆ ಹತ್ತುವಾಗ ಎಲ್ಲಿ ಇಟ್ಟುಕೊಳ್ಳುತ್ತೀಯಪ್ಪ ಎಂದು ಅವನನ್ನು ಕೇಳಿದೆ.

“ಉಡಿದಾರಕ್ಕೆ ಮೇಡಂ. ಜೇಬು ಆದ್ರೆ ಬಗ್ಗಿದಾಗ ಬಿದ್ದೋಯ್ತದೆ. ಉಡಿದಾರ ಕಿತ್ತೋಗಕ್ಕಿಲ್ಲ.”

“ಕೆಳಗಿರೋರು ಯಾರಾದ್ರೂ, ಸ್ವಲ್ಪ ಹೊತ್ತು ಕೊಡು ಮಾರಾಯ, ಅರ್ಜೆಂಟು ಅಂದ್ರೆ ಕೊಡ್ತೀಯಾ?”

“ನಮ್ಮಪ್ಪ ಬಂದ್ರೂ ಕೊಡಕ್ಕಿಲ್ಲ!”

“ಪಾಸ್‌ವರ್ಡ್ ಅಂದ್ರೆ ಅದೇ ಕಣಪ್ಪ. ಉಡಿದಾರದ ಕೀಲಿ.”

“ನಮಗೆ ಉಡಿದಾರ ಇಲ್ವಲ್ಲ ಮೇಡಂ, ನಾನೇನು ಮಾಡ್ಲಿ?” ಎಂದು ಅರಸೀಕೆರೆಯ ಆಪರೇಟರ್ ಕೇಳಿದಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡ ಅತ್ತೆ ಅಂತ ತಿಳ್ಕೋ ಅಂದೆ. ಅವತ್ತಿನಿಂದ ಪಾಸ್‌ವರ್ಡ್ ಎಂಬ ಮಾತು ಆ ಕೋಣೆಯಲ್ಲಿ ಸತ್ತು, ಉಡಿದಾರ ಎಂಬ ಮಾತು ಬಂತು. ನಾನು ಗೆದ್ದೆ ಅಂದುಕೊಂಡೆ.

ಮಾರನೆಯ ಮಧ್ಯಾಹ್ನ ಪಾಳಿ ಬದಲಾದ ಮೇಲೆ ಪರದೆಯ ಮೂಲೆ ನೋಡುತ್ತೇನೆ, ಅದೇ ಹಿರಿಯರ ಹೆಸರು. ಕುರ್ಚಿಯಲ್ಲಿ ಬೇರೆಯವರು.

ನನ್ನ ತಲೆ ಕೆಟ್ಟಿತು. ಗಾಳಿಗಿಂತ ಜೋರಾಗಿ ನಾನು ಕೂಗಾಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಗುಡ್ಡದ ಮೇಲೆ ಜೀವ ತೇಯ್ದು ಓಡಾಡುತ್ತಿರುವವರ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಹೊಟ್ಟೆ ಉರಿದಿತ್ತು. ಎಲ್ಲರೂ ತಲೆ ತಗ್ಗಿಸಿ ನಿಂತರು. ನನ್ನ ಉಸಿರು ಮುಗಿದ ಮೇಲೆ, ಇನ್ನೂ ಮನೆಗೆ ಹೊರಡದಿದ್ದ ಹಿರಿಯರು ಮೆಲ್ಲಗೆ ಅಂದರು:

“ಉಡಿದಾರ ಯಾರೂ ಕೊಟ್ಟಿಲ್ಲ ಮೇಡಂ. ಆದ್ರೆ ಏಳುವಾಗ ಅದನ್ನ ಒತ್ತಕ್ಕೆ ಯಾರಿಗೂ ಮನಸ್ಸು ಬರಲ್ಲ.”

“ಯಾವುದನ್ನ?”

“ನೀವೇ ಒತ್ತಿ ನೋಡಿ.”

ನಾನು ಯಾವಾಗಲೂ ನನ್ನ ಲಾಗಿನ್‌ನಲ್ಲಿ ಇಂಗ್ಲಿಷ್ ಪರದೆಯನ್ನೇ ಬಳಸುವವಳು. ಆಪರೇಟರುಗಳಿಗೆ ಅನುಕೂಲವಾಗಲೆಂದು ಕಂಪನಿ ಯಾವುದೋ ದೂರದೂರಿನಲ್ಲಿ ಯಾರಿಂದಲೋ ಕನ್ನಡ ಪರದೆ ಮಾಡಿಸಿತ್ತು, ಅದನ್ನು ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ. ಈಗ ಅವರ ಕುರ್ಚಿಯಲ್ಲಿ ಕೂತು ನೋಡಿದೆ. ಕೆಲಸ ಮುಗಿಸಿ ಮುಚ್ಚಲು ಒತ್ತಬೇಕಾದ ಗುಂಡಿಯ ಮೇಲೆ ಬರೆದಿತ್ತು: ‘ಹೊರಟು ಹೋಗು’. ಒತ್ತಿದೆ. ಪರದೆ ಪೂರ್ತಿ ಕಪ್ಪಾಯಿತು. ಆಮೇಲೆ ನಟ್ಟನಡುವೆ ದಪ್ಪ ಬಿಳಿ ಅಕ್ಷರದಲ್ಲಿ ಮೂಡಿತು:

‘ನೀವು ಹೋದಿರಿ.’

ನನಗೆ ತಡೆಯಲಾರದಷ್ಟು ನಗು ಬಂತು. ಬೇರೆ ಯಾರೂ ನಗಲಿಲ್ಲ.

“ಈ ಕನ್ನಡ ಪರದೆ ಬಂದ ಮೊದಲನೇ ದಿನ ಒಬ್ಬ ಒತ್ತಿದ್ದ ಮೇಡಂ” ಅಂದರು ಹಿರಿಯರು. “ಒತ್ತಿ ಬೈಕ್ ಹತ್ತಿ ಹೋದೋನು ಗುಡ್ಡದ ತಿರುವಿನಲ್ಲೇ ಬಿದ್ದು ಕೈ ಮುರ್ಕೊಂಡ. ಬರೀ ಕೈ, ದೇವರು ದೊಡ್ಡವನು. ಅವತ್ತಿಂದ ಯಾರೂ ಅದರ ತಂಟೆಗೆ ಹೋಗಿಲ್ಲ. ಅನ್ನ ಕೊಡೋ ಜಾಗ ಇದು. ದಿನಾ ಎದ್ದು ಹೋಗುವಾಗ ಹಂಗೆ ಅನ್ನಿಸ್ಕೊಂಡು ಹೋಗ್ಬೇಕಾ? ಮನೇಲಿ ಹೆಂಡ್ರು ಮಕ್ಕಳು ಕಾಯ್ತಿರ್ತಾರೆ.”

ನನ್ನ ನಗು ನಿಂತಿತು. ಬೆಳಿಗ್ಗೆ ನಾನು ಬೇಲೂರಿನ ತವರುಮನೆಯಲ್ಲಿ ಚಪ್ಪಲಿ ಮೆಟ್ಟುತ್ತಾ ಅವಸರದಲ್ಲಿ “ಹೋಗ್ತೀನಮ್ಮ” ಅಂದಿದ್ದೆ. ಅಮ್ಮ ಅಡುಗೆಮನೆಯಿಂದಲೇ “ಬರ್ತೀನಿ ಅನ್ನು” ಎಂದು ಕೂಗಿ, ನಾನು ಅಂದ ಮೇಲೇ ಸುಮ್ಮನಾಗಿದ್ದಳು. ಪರೀಕ್ಷೆಗೆ ಹೊರಟಾಗ, ಆಸ್ಪತ್ರೆಗೆ ಹೊರಟಾಗ, ಗಂಡನ ಮನೆಗೆ ಹೊರಟಾಗಲೂ ಅದೇ ಮಾತು ಹೇಳಿಸಿದ್ದಳು. ನಮ್ಮಲ್ಲಿ ಒಬ್ಬರು ‘ಹೋದರು’ ಎಂದು ಅಷ್ಟಕ್ಕೇ ಮಾತು ನಿಲ್ಲಿಸಿದರೆ ಕೇಳಿದವರು ಯಾವಾಗ, ಏನಾಗಿತ್ತು ಎಂದು ಕೇಳುತ್ತಾರೆ. ಈ ಜನ ನಿಯಮ ಮುರಿಯುತ್ತಿರಲಿಲ್ಲ, ಮನೆಯಲ್ಲಿ ಕಲಿತದ್ದನ್ನು ಪಾಲಿಸುತ್ತಿದ್ದರು. ಕೂಗಾಡಿದ್ದಕ್ಕೆ ಅಲ್ಲೇ ಕ್ಷಮೆ ಕೇಳಿದೆ. “ಬೀಗಿತ್ತಿ ಅಂದ್ಮೇಲೆ ಒಂದಿಷ್ಟು ಕೂಗಾಡ್ಬೇಕು ಬಿಡಿ” ಎಂದು ಟೆಕ್ನೀಶಿಯನ್ ತೇಲಿಸಿಬಿಟ್ಟ.

ಸುಮ್ಮನೆ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆಯನ್ನು ಕಂಟ್ರೋಲ್ ರೂಮಿನಲ್ಲಿ ಇಡುವ ಹಾಗಿಲ್ಲ, ಎಚ್ಚರಿಕೆಗಳು ಪರದೆಯ ಮೇಲೆ ಸದಾ ಕಾಣುತ್ತಿರಬೇಕು. ಒತ್ತದವರಿಗೆ ದಂಡ ಹಾಕಿಸುವ ಅಧಿಕಾರ ನನಗಿತ್ತು. ಹಾಕಿದರೆ ಹೆದರಿ ಒತ್ತುತ್ತಿದ್ದರು, ಒತ್ತುವಾಗೆಲ್ಲ ಎದೆ ಝಲ್ಲೆನ್ನುತ್ತಿತ್ತು, ನಾನು ಬೆನ್ನು ತಿರುಗಿಸಿದ ದಿನ ಬಿಟ್ಟುಬಿಡುತ್ತಿದ್ದರು. ಮಾತನ್ನೇ ಬದಲಾಯಿಸುವುದು ಎಂದು ತೀರ್ಮಾನ ಮಾಡಿದೆ.

ಹೆಡ್ಡಾಫೀಸಿನ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿದೆ. ಅವರು ಬಂಗಾಳದವರು, ನಿಯಮ ಎಂದರೆ ನಿಯಮ. ಅನುವಾದ ಸರಿಯಾಗಿದೆ ಎಂದು ಪರಿಶೀಲಿಸಿದವರು ಹೇಳಿದ್ದಾರಲ್ಲ, ಗಾಳಿಯ ಕಾಲದಲ್ಲಿ ಪರದೆ ಮುಟ್ಟುವುದು ಬೇಡ, ವಿಚಾರಣೆ ಮುಗಿಯಲಿ ಅಂದರು. ನಾನು ವಾದ ಮಾಡಲಿಲ್ಲ. “ಸಾರ್, ನೀವು ಮನೆಯಿಂದ ಹೊರಡುವಾಗ ಏನು ಹೇಳಿ ಹೊರಡ್ತೀರಿ?” ಎಂದು ಕೇಳಿದೆ. ಅವರು ಬೇರೆಯದೇ ದನಿಯಲ್ಲಿ, ತಮ್ಮ ಭಾಷೆಯಲ್ಲೂ ‘ಬರುತ್ತೇನೆ’ ಅಂತಲೇ ಹೇಳುವುದು, ‘ಹೋಗುತ್ತೇನೆ’ ಅಂದರೆ ತಾಯಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು ಅಂದರು. ಒಪ್ಪಿಗೆ ಅವತ್ತೇ ಬಂತು.

ಪರದೆಯ ಮಾತುಗಳೆಲ್ಲ ಒಂದು ಬೇರೆ ಕಡತದಲ್ಲಿದ್ದದ್ದರಿಂದ ಯಂತ್ರ ನಡೆಸುವ ಭಾಗವನ್ನು ಮುಟ್ಟಬೇಕಾಗಿರಲಿಲ್ಲ. ಬದಲಿಗೆಂದು ಇಟ್ಟಿದ್ದ ಕಂಪ್ಯೂಟರಿನಲ್ಲಿ ಮೊದಲು ಹಾಕಿ ನೋಡಿದೆವು. ‘ಹೋಗಿ ಬರುತ್ತೇನೆ’ ಎಂದು ಬರೆದರೆ ಗುಂಡಿಯಲ್ಲಿ ಹಿಡಿಸದೆ ‘ಹೋಗಿ’ ಮಾತ್ರ ಉಳಿಯಿತು. ಹಿರಿಯರು ಬೆಚ್ಚಿ “ಇದಕ್ಕೆ ಮೊದಲಿಂದೇ ವಾಸಿ” ಅಂದರು. ‘ಬರುತ್ತೇನೆ’ ಎಂದರೆ ಕೊನೆಯ ಅಕ್ಷರ ಕತ್ತರಿಸಿಹೋಯಿತು. “ನಾವು ಅನ್ನೋ ಹಂಗೇ ಬರೀರಿ” ಎಂದು ಟೆಕ್ನೀಶಿಯನ್ ಅಂದ. ಮ್ಯಾನೇಜರಿಗೆ ಇರುಸುಮುರುಸು, ಕಂಪನಿ ಕಂಪ್ಯೂಟರಿನ ಮೇಲೆ ಹಳ್ಳಿ ಮಾತೇ, ನೋಡಿದವರು ಏನಂದಾರು ಎಂದು. ಬರೆದು ನೋಡಿದೆವು. ‘ಬತ್ತೀನಿ’ ಗುಂಡಿಯಲ್ಲಿ ಅಳತೆ ತೆಗೆದ ಹಾಗೆ ಕೂತಿತು. ಕಪ್ಪು ಪರದೆಯ ನಡುವೆ ಬರುವ ಮಾತನ್ನು ಅರಸೀಕೆರೆಯವಳು ಹೇಳಿದಳು: ‘ಹೋಗಿ ಬನ್ನಿ.’ ಮಾರನೆಯ ಬೆಳಿಗ್ಗೆ ಗಾಳಿ ಸ್ವಲ್ಪ ತಗ್ಗಿದಾಗ ದೊಡ್ಡ ಪರದೆಗೂ ಅದನ್ನು ಹಾಕಿದೆವು.

ಆವತ್ತು ಪಾಳಿ ಬದಲಾಗುವ ಹೊತ್ತಿಗೆ ಕೋಣೆಯಲ್ಲಿ ಪಾಳಿ ಇಲ್ಲದವರೂ ಬಂದು ಸೇರಿದ್ದರು. ಹಿರಿಯರು ಎದ್ದು ನಿಂತು, ಕನ್ನಡಕ ಏರಿಸಿಕೊಂಡು, ದೇವರ ಮುಂದೆ ಗಂಟೆ ಬಾರಿಸುವಷ್ಟು ಜೋಪಾನವಾಗಿ ‘ಬತ್ತೀನಿ’ ಒತ್ತಿದರು. ‘ಹೋಗಿ ಬನ್ನಿ’ ಅಂದಿತು ಕಂಪ್ಯೂಟರು. “ಹೂಂ ಕಣಪ್ಪ” ಎಂದು ಅದಕ್ಕೆ ಉತ್ತರ ಕೊಟ್ಟೇ ಹೊರಟರು. ಮುಂದಿನವಳು ಕೂತು ತನ್ನ ಹೆಸರಿನಲ್ಲಿ ತೆರೆದಳು. ಎರಡೇ ದಿನದಲ್ಲಿ ಇದು ಅವರಿಗೆ ಎಷ್ಟು ಅಭ್ಯಾಸವಾಯಿತೆಂದರೆ ಊಟಕ್ಕೆಂದು ಇನ್ನೊಬ್ಬರನ್ನು ಕೂರಿಸಿ ಏಳುವಾಗಲೂ ಒತ್ತತೊಡಗಿದರು. ಶುರು ಮಾಡುವ ಹಕ್ಕನ್ನು ಎಲ್ಲರಿಗೂ ವಾಪಸ್ ಕೊಟ್ಟೆ. ಇಬ್ಬರನ್ನು ಬಿಟ್ಟು. ಅವರದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಿತ್ತು.

ವಿಚಾರಣೆಯ ದಿನ ಪರದೆಯ ಆ ಕಡೆ ಹೆಡ್ಡಾಫೀಸಿನ ಸಾಲು ಮುಖಗಳು, ಈ ಕಡೆ ನಾವು. ನಾನು ಕಾವಲು ಹೇಗೆ ಕೆಲಸ ಮಾಡಬೇಕಿತ್ತು, ಯಾಕೆ ಮಾಡಲಿಲ್ಲ, ಈಗ ಹೇಗೆ ಮಾಡುತ್ತಿದೆ ಎಂದು ಹೇಳಿ, ಅಲ್ಲೇ ತೋರಿಸಿದೆ. ಹಿರಿಯರು ಇಟ್ಟ ಕೆಂಪು ಗುರುತನ್ನು ಅವಳು ತನ್ನ ಹೆಸರಿನಲ್ಲಿ ಕೂತು ತೆಗೆಯಲು ಹೋದಳು, ಕಂಪ್ಯೂಟರು ಬಿಡಲಿಲ್ಲ. ಆದರೂ ಅವರಲ್ಲೊಬ್ಬರು ಬಿಡುವಂತೆ ಕಾಣಲಿಲ್ಲ. ವ್ಯವಸ್ಥೆ ಸರಿಯಾಗಿದೆ, ಸಂತೋಷ, ಆದರೆ ಒಬ್ಬರು ಹೆಸರು ಬಿಟ್ಟು ಎದ್ದರು, ಒಬ್ಬರು ನೋಡದೆ ಒತ್ತಿದರು, ಒಳಗಿದ್ದವನ ಜೀವಕ್ಕೆ ಜವಾಬು ಯಾರು ಅಂದರು. ಒಳಗಿದ್ದವನನ್ನೇ ಕೇಳಿ ಅಂದೆ.

ಟೆಕ್ನೀಶಿಯನ್ ಎದ್ದು ನಿಂತ. ಕೀಟಲೆಯ ಮುಖ ಅವತ್ತು ಇರಲಿಲ್ಲ.

“ನಂಗೆ ಭಯ ಆಯ್ತು ಸಾರ್. ಆಗಿಲ್ಲ ಅಂದ್ರೆ ಸುಳ್ಳಾಯ್ತದೆ. ಕೆಳಗಿಳಿದು ವಿಷಯ ಗೊತ್ತಾದಾಗ ಉಡಿದಾರದ ಕೀಲೀನ ಎರಡು ಸಲ ಮುಟ್ಟಿ ನೋಡ್ಕೊಂಡೆ. ಆದ್ರೆ ನನ್ನ ಹತ್ರ ಕೀಲಿ ಇತ್ತು, ಇವರ ಹತ್ರ ಇರ್ಲಿಲ್ಲ. ಈಗ ಐತೆ.” ಇಬ್ಬರ ಕಡೆಗೂ ತಿರುಗಿ ನೋಡಿದ. “ನಾಳೆ ನಾನು ಮತ್ತೆ ಹತ್ತಬೇಕು. ಕೆಳಗೆ ಈ ಹುಡುಗಿ ಕೂತಿದ್ರೆ ಹತ್ತುತೀನಿ. ಇವರು ಕೂತಿದ್ರೂ ಹತ್ತುತೀನಿ. ನೀವು ಇವರನ್ನ ತೆಗೆದು ಹೊಸಬರನ್ನ ಕೂರಿಸಿದ್ರೆ, ಅವರು ತಪ್ಪಾದ್ರೆ ಒಪ್ಕೊಳ್ಳೋ ಜನವೋ ಅಲ್ವೋ, ನಂಗೆ ಗೊತ್ತಿಲ್ಲ ಸಾರ್.”

ನಾನು ಅವನ ಮಾತನ್ನು ಇಂಗ್ಲಿಷಿಗೆ ಹೇಳಬೇಕಿತ್ತು. ಎರಡು ಸಲ ಶುರು ಮಾಡಿ ನಿಲ್ಲಿಸಿದೆ. ಕೊನೆಗೆ ಮ್ಯಾನೇಜರೇ ಹೇಳಿದರು. ಆ ಕಡೆ ಮುಖಗಳು ಒಂದನ್ನೊಂದು ನೋಡಿಕೊಂಡವು. ಬಂಗಾಳದ ಅಧಿಕಾರಿ ತೀರ್ಮಾನ ಓದಿದರು: ಇಬ್ಬರೂ ಮತ್ತೊಮ್ಮೆ ತರಬೇತಿ ಪಡೆದು ಕೆಲಸದಲ್ಲಿ ಮುಂದುವರಿಯುವುದು. ಹಿರಿಯರು ತಮ್ಮ ಕನ್ನಡಕ ಒರೆಸಲು ಅವಳ ದುಪಟ್ಟದ ಅಂಚು ಹಿಡಿದಿದ್ದರು, ತಮ್ಮ ಟವೆಲ್ ಎಲ್ಲಿಟ್ಟಿದ್ದಾರೆಂದು ಅವರಿಗೆ ನೆನಪಿರಲಿಲ್ಲ.

ಇಂಥ ಕೆಲಸ ಮುಗಿದ ಮೇಲೆ ಕೊನೆಯದಾಗಿ ಒಂದು ಹಕ್ಕು ತೆಗೆಯಬೇಕು, ನನ್ನದು. ಎಲ್ಲವನ್ನೂ ತೆರೆಯುವ, ಎಲ್ಲರನ್ನೂ ಮುಚ್ಚುವ ನನ್ನ ಲಾಗಿನ್ ಆ ಗುಡ್ಡದ ಮೇಲೆ ಸುಮ್ಮನೆ ಬಿದ್ದಿರಬಾರದು. ಸೈಟಿನಲ್ಲಿ ಆ ಜವಾಬ್ದಾರಿ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ತರಬೇತಿ ಮುಗಿಸಿದ ಹಿರಿಯರ ಹೆಸರನ್ನೇ ಕೊಟ್ಟೆ. ಯಾರ ಹೆಸರು ತೆಗೆಯಲು ಬಂದಿದ್ದೆನೋ ಅವರೇ ಕೂತು ನನ್ನ ಹೆಸರು ತೆಗೆದರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂದು ಟೆಕ್ನೀಶಿಯನ್ ಹಿಂದಿನಿಂದ ಗುನುಗಿದ. ಇನ್ನು ಮುಂದೆ ನಾನು ಒಳಗೆ ಬರಬೇಕಾದರೆ ಅವರನ್ನು ಕೇಳಬೇಕು, ಅವರು ಆ ಹೊತ್ತಿಗಷ್ಟೇ ತೆರೆದುಕೊಡಬೇಕು. ನಾನು ಬಾಯಲ್ಲೇ ‘ಬತ್ತೀನಿ’ ಅಂದು ಬಸ್ಸು ಹಿಡಿದೆ.

ಕೆಲವು ವಾರ ಕಳೆದಿತ್ತು. ಹಾಸನದ ಆಫೀಸಿನಿಂದ ಆ ಸೈಟಿನ ಒಂದು ಸಣ್ಣ ತಿದ್ದುಪಡಿ ಮಾಡಬೇಕಾಗಿ ಬಂತು. ಅದಕ್ಕೆ ಕಂಟ್ರೋಲ್ ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆಯಬೇಕು. ಮೇಲಿನವರು ಅವಸರ ಮಾಡುತ್ತಿದ್ದರು. ಗುಡ್ಡಕ್ಕೆ ಫೋನ್ ಮಾಡಿದೆ. ಹಿರಿಯರೇ ಎತ್ತಿದರು. ಹಿಂದೆ ಗಾಳಿಯ ಸದ್ದು.

“ನಾನ್ರೀ, ಬೀಗಿತ್ತಿ. ಬೇಗ ಒಂದು ಲಾಗಿನ್ ತೆರೆದುಕೊಡಿ, ಅರ್ಜೆಂಟು.”

“ಚೆನ್ನಾಗಿದ್ದೀರಾ ಮೇಡಂ? ಊಟ ಆಯ್ತಾ?” ಎಂದು ವಿಚಾರಿಸಿಕೊಂಡರು. ಆಮೇಲೆ, “ಈಗ ಆಗಲ್ಲ. ನಮ್ಮ ಟೆಕ್ನೀಶಿಯನ್ ಮೇಲೆ ಹತ್ತವನೆ. ಕೆಂಪು ಗುರುತು ಇಟ್ಟೀನಿ.”

“ಐದೇ ನಿಮಿಷದ ಕೆಲಸ ಕಣ್ರೀ. ಅವನ ಫ್ಯಾನು ಮುಟ್ಟಲ್ಲ.”

“ನೀವು ಮುಟ್ಟಲ್ಲ, ನಂಗೊತ್ತು. ಆದ್ರೂ ಆಗಲ್ಲ ಮೇಡಂ.”

ಅವರ ದನಿಯಲ್ಲಿ ಮರ್ಯಾದೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ, ಬಾಗಿಲು ಎಳ್ಳಷ್ಟೂ ತೆರೆದಿರಲಿಲ್ಲ. ಕೆಲಸದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ‘ಆಗಲ್ಲ’ ಇನ್ನೊಂದಿಲ್ಲ. ಮೇಲಿನವರಿಗೆ ಕಾಯಿರಿ ಎಂದು ಹೇಳಿ, ನಾನೂ ಕಾಯುತ್ತಾ ಕೂತೆ. ಎರಡು ಸಲ ಟೀ ಕುಡಿದೆ. ಮೂರನೆಯದಕ್ಕೆ ಹೇಳುವಷ್ಟರಲ್ಲಿ ಫೋನ್ ಬಂತು.

“ಅವನು ಇಳಿದ ಮೇಡಂ. ಈಗ ಬನ್ನಿ.”